ಚಿಪ್ಪಿನ ಲೆಕ್ಕ

ಬಾಣಾವರದಾಚೆ, ಕೊಬ್ಬರಿ ಶೆಡ್ಡಿನಲ್ಲಿ
ಊಟದ ಬಿಡುವು ಬರೀ ಅರ್ಧ ಗಂಟೆ.
ಅಷ್ಟರೊಳಗೆ ನಾನು ಉಳಿತಾಯ ಕಲಿಸಬೇಕು.
ಬ್ಯಾಂಕಿನವರು ಕೊಟ್ಟ ಪಟ ಬಿಚ್ಚಿದೆ:
ನಗುವ ಗಂಡ, ನಗುವ ಹೆಂಡತಿ, ನಡುವೆ
ಬೆನ್ನು ಸೀಳಿದ ಗುಲಾಬಿ ಬಣ್ಣದ ಹಂದಿ.

'ಹಂದಿ ಹೊಟ್ಟೇಲಿ ಯಾಕವ್ವ ದುಡ್ಡು?' ಅಂದಳು ದ್ಯಾವೀರಮ್ಮ.
'ಕೊಬ್ಬಿದ ಮೇಲೆ ಕುಯ್ಯಕ್ಕೆ' ಅಂದಳು ಇನ್ನೊಬ್ಬಳು.
ಶೆಡ್ಡಿಗೆ ಶೆಡ್ಡೇ ನಕ್ಕಿತು. ಪಟ ಸುತ್ತಿಟ್ಟೆ.

ಕಾಲಬುಡದಲ್ಲೇ ಚಿಪ್ಪಿನ ರಾಶಿ.
ಒಂದು ಚಿಪ್ಪು ಒಂದು ಸಾವಿರ ಅಂತಿಟ್ಟುಕೊಳ್ಳಿ.
ಹತ್ತು ಕೇಳಿದಿರಿ. ಕೈಗೆ ಬಂದದ್ದೆಷ್ಟು?
'ಒಂಬತ್ತು. ಒಂದ ಮೊದಲೇ ಹಿಡ್ಕೊಳ್ತಾನೆ.'
ತೀರಿಸುವುದು ವಾರಕ್ಕೊಂದು, ಹನ್ನೆರಡು ವಾರ.
ಒಂದು ವಾರ ತಪ್ಪಿದರೆ?
ಯಾರೂ ತುಟಿ ಬಿಚ್ಚಲಿಲ್ಲ. ಮುಬೀನಾ
ತಾನೇ ಎದ್ದು ಇನ್ನೆರಡು ತಂದಿಟ್ಟಳು.
'ಕೈಗೆ ಚಿಪ್ಪು ಅಂತಾರಲ್ಲ, ಇದೇ ನೋಡಿ.'

ನಾನು ಹೇಳಬೇಕಾದ್ದು ಇನ್ನೂ ಇತ್ತು:
ಬೋರ್ಡಿಲ್ಲದವನ ಹತ್ತಿರ, ರಸೀದಿ ಕೊಡದವನ ಹತ್ತಿರ,
ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವನ ಹತ್ತಿರ

ಅಷ್ಟರಲ್ಲಿ ಮೂಲೆಯಿಂದ ಎದ್ದಳು ಶಿವನಂಜಮ್ಮ.
ಅಂಗೈಯಗಲದ ಒಂದು ಚಿಪ್ಪನ್ನು
ಸಾಲಿನ ಕೊನೆಗೆ ಸರಿಸಿದಳು.
'ಪೆಟ್ರೋಲ್ ದುಡ್ಡು ಬಿಟ್ರಲ್ಲ ಮೇಡಮ್.
ಶುಕ್ರವಾರ ಬೈಕಲ್ಲಿ ವಸೂಲಿಗೆ ಬರೋನು
ನನ್ನ ಮಗನೇ.'

ಎಲ್ಲರಿಗೂ ಗೊತ್ತಿತ್ತು;
ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ.
ಇವರ ಬಾಗಿಲಲ್ಲಿ ನಿಂತು ಅವನಾಡುವ ಮಾತು
ಅವಳ ಕಿವಿಗೆ ಮೊದಲೇ ಬಿದ್ದಿರುತ್ತದಂತೆ:
ಬೆಳಗ್ಗೆ, ಕನ್ನಡಿ ಮುಂದೆ,
ಅವನು ರೂಢಿ ಮಾಡಿಕೊಳ್ಳುವಾಗ.

ದ್ಯಾವೀರಮ್ಮ ಎಲೆಅಡಿಕೆ ಉಗಿದು ಬಂದಳು.
'ಹನ್ನೊಂದು ತಿಂಗ್ಳು ಅಟ್ಟದ ಮೇಲೆ ಕೂತ್ರೇನೇ
ಕಾಯಿ ಕೊಬ್ರಿ ಆಗೋದು. ನಡುವೆ ಆಸೆಬಿದ್ದು ಒಡೆದ್ರೆ
ಸಾರ್ಗೂ ಇಲ್ಲ, ಸಂತೆಗೂ ಇಲ್ಲ.
ದಿನಾ ಇಪ್ಪತ್ತು ರೂಪಾಯಿ ಅಟ್ಟಕ್ಕೆ ಹಾಕಾಣ. ಬರ್ಕೊ.'

ಪುಸ್ತಕ ತಂದಿರಲಿಲ್ಲ ನಾನು.
ಇವತ್ತೇ ಬರೆಯುವುದಿದೆ ಎಂದು ಯಾರು ತಿಳಿದಿದ್ದರು?
ಪಟ ಮಗುಚಿ ಹಿಂಬದಿಗೆ ಬರೆದೆ ಹೆಸರುಗಳನ್ನು,
ಅಡಿಯಲ್ಲಿ ಹಂದಿ ನಗುತ್ತಲೇ ಇತ್ತು.

ಕೊನೆಯ ಹೆಸರು ಶಿವನಂಜಮ್ಮ.
ಹತ್ತರ ನೋಟು, ಬೆವರಿಗೆ ಮೆತ್ತಗಾದದ್ದು.
'ಇನ್ನೊಂದ ಹತ್ತು ನಾಳೆ ಕೊಡ್ತೀನಿ.
ಸಾಲ ಅಂತ ಬರ್ಕೋಬೇಡಿ.'