ಐದು ಚೌಕ

ದಿರೆ ದಾವಾದಲ್ಲಿ ತೈವಾನ್ ಅಂದರೆ ದೇಶವಲ್ಲ,
ಸಂತೆ. ಅದರ ಮೂರನೇ ಓಣಿಯಲ್ಲಿ
ಒಂದು ಮೇಜು, ಒಂದು ಬೆಸುಗೆಕಡ್ಡಿ,
ಅರ್ಧ ದಿನದ ಕರೆಂಟು. ಅದು ನನ್ನ ಅಂಗಡಿ.

ಗೆಬ್ರೆಯೆಸ್ ಬಂದರು. ರೈಲು ನಿಂತುಹೋದರೂ
ರೈಲಿನ ಟೋಪಿ ಬಿಡದವರು.
ಮಗಳು ಬೈರೂತಿನಿಂದ ಕಳಿಸಿದ ಫೋನು
ಕರವಸ್ತ್ರದೊಳಗೆ, ಬಿಸಿ ರೊಟ್ಟಿಯ ಹಾಗೆ.
"ಇದಕ್ಕೆ ಅಕ್ಷರ ಬರುವುದಿಲ್ಲ" ಅಂದರು,
ಹುಡುಗನನ್ನು ಶಾಲೆಗೆ ಸೇರಿಸಲು ಬಂದವರಂತೆ.

ನೋಡಿದೆ. ಮೆಸೇಜಿನ ತುಂಬ ಚೌಕ,
ಬಾಡಿಗೆಗೆ ಯಾರೂ ಬಾರದ ಕೋಣೆಗಳ ಸಾಲು.
ನಮ್ಮ ಫಿದೆಲ್ ಲಿಪಿ ಆ ಫೋನಿನ ಹೊಟ್ಟೆಯಲ್ಲೇ ಇಲ್ಲ.
ಮುದುಕರು ಬೆರಳಿಟ್ಟು ಓದಿದರು:
"ಮೊದಲು ಮೂರು. ಅ, ಬಾ, ಯೆ. ಅಪ್ಪಾ ಅಂತ.
ಕೊನೆಗೆ ಐದು. ಅ, ಸ್, ನಾ, ಕೆ, ಚ್. ಅವಳ ಹೆಸರು.
ನಡುವೆ ಇನ್ನೂರ ಹನ್ನೆರಡು.
ಕರೆ ಮಾಡಿದಾಗ ಕೇಳಿದರೆ
ಏನಿಲ್ಲಪ್ಪ, ಸುಮ್ಮನೆ ಒತ್ತಿ ನೋಡಿದೆ, ಅನ್ನುತ್ತಾಳೆ.
ಇನ್ನೂರ ಹನ್ನೆರಡು ಸಲ
ಯಾರಪ್ಪ ಸುಮ್ಮನೆ ಒತ್ತುತ್ತಾರೆ?"

ರೂಟ್ ಮಾಡಬೇಕು ಅಂದೆ. ಒಳಮನೆಯ ಬೀಗ ತೆಗೆದು
ಲಿಪಿಯನ್ನು ಇಟ್ಟು ಬರುವುದು, ಅಷ್ಟೆ.
ರೂಟ್ ಅಂದರೆ?
ಬೇರು.
"ಬೇರಿಗೆ ಕೈಹಾಕಿದರೆ ಗಿಡ ಉಳಿಯುತ್ತದೋ?"
ಉಳಿಯುತ್ತದೆ, ಅಂದೆ. ಅಂದು ಇನ್ನೂ ಸೋಮವಾರ.

ಸೋಮವಾರ ಕಂಪ್ಯೂಟರಿಗೆ ಫೋನಿನ ಗುರುತೇ ಸಿಗಲಿಲ್ಲ.
ಡ್ರೈವರ್ ತೆಗೆದೆ, ಹಾಕಿದೆ, ಬೇರೆ ತೂತಿಗೆ ಚುಚ್ಚಿದೆ.
ಸಂಜೆ ಗೊತ್ತಾಯಿತು, ತಪ್ಪು ವಯರಿನದು:
ಚಾರ್ಜು ಸಾಗಿಸುತ್ತದೆ, ಮಾತು ಸಾಗಿಸುವುದಿಲ್ಲ.
ಮಂಗಳವಾರ ಬಿಲ್ಡ್ ನಂಬರನ್ನು ಏಳು ಸಲ ತಟ್ಟಿ
ಬಾಗಿಲು ತೆರೆಸಿದೆ. ಕಡತ ಅರ್ಧ ದಾಟುವಷ್ಟರಲ್ಲಿ
ಇಡೀ ಓಣಿಗೆ ಕತ್ತಲು.
ಬುಧವಾರ, ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ,
ಮಾದರಿಯ ಹೆಸರಿನ ಕೊನೆಯ ಅಕ್ಷರ ನೋಡದೆ
ಅಣ್ಣನ ಅಂಗಿ ತಮ್ಮನಿಗೆ ತೊಡಿಸಿದೆ.
ಕಂಪನಿಯ ಹೆಸರು ಹೊಳೆಯಿತು. ಆರಿತು.
ಹೊಳೆಯಿತು. ಆರಿತು.
ಹೊಸ್ತಿಲ ತನಕ ಬಂದು ಒಳಗೆ ಕಾಲಿಡದ ನೆಂಟ.

ನಮ್ಮ ಕಸುಬಿನಲ್ಲಿ ಸತ್ತ ಫೋನಿಗೆ ಇಟ್ಟಿಗೆ ಅನ್ನುತ್ತೇವೆ.
ಯಾವ ಗೋಡೆಗೂ ಆಗದ ಇಟ್ಟಿಗೆ.
ಅವತ್ತು ರಾತ್ರಿ ಅದರ ಪಕ್ಕದಲ್ಲೇ ಮಲಗಿದೆ,
ಜ್ವರದ ಕೂಸಿನ ಹತ್ತಿರ ಮಲಗಿದ ಹಾಗೆ.
ಅದರ ಹುಟ್ಟಿನ ಕಡತವನ್ನೇ ಹುಡುಕಿ, ಇಳಿಸಿ,
'ಎಲ್ಲ ಅಳಿಸು' ಅನ್ನುವ ಕಡೆ ಟಿಕ್ ಇಲ್ಲವೆಂದು
ಮೂರು ಸಲ ನೋಡಿ
ಗುರುವಾರ ನಸುಕಿಗೆ ಎಬ್ಬಿಸಿದೆ.
ಎದ್ದಿತು. ಚೌಕಗಳೂ ಎದ್ದವು.
ಎಣಿಸಿದೆ. ಒಂದೂ ಕಮ್ಮಿಯಿಲ್ಲ.

"ಅದನ್ನ ನನಗೆ ಕಳಿಸಿ ನೋಡಿ" ಅಂದ
ಕಾಫಿ ತರುವ ಮಿಫ್ತಾ.
ಅವನದು ಗುಂಡಿ ಫೋನು. ತಲೆಯಲ್ಲೊಂದು ಟಾರ್ಚು,
ಈ ದೇಶಕ್ಕೆಂದೇ ಮಾಡಿದ್ದು.
ಕಳಿಸಿದೆ. ಟುಣ್ ಅಂದಿತು.
ಅಕ್ಷರ!
ಕೈಕಾಲು ಎಲ್ಲ ಇರುವ ಅಕ್ಷರ.
ಮೂರು ದಿನ ಬೇರು ಅಗೆದವನು
ಕಾಫಿಯ ಲೋಟದೊಳಗೆ ಮುಖ ಇಟ್ಟುಕೊಂಡೆ.

ಮುದುಕರು ಬರುವ ಮೊದಲೇ, ಬೇಕೆಂದಲ್ಲ,
ಮೊದಲ ಸಾಲು ಕಣ್ಣಿಗೆ ಬಿದ್ದಿತ್ತು:
ಅಬಾಯೆ, ಈ ಫೋನಿಗೆ ನಮ್ಮ ಅಕ್ಷರ ಬಾರದಂತೆ,
ಇಲ್ಲಿಯ ಅಂಗಡಿಯವ ಹೇಳಿದ.
ಅದಕ್ಕೇ ಬರೆಯುತ್ತಿದ್ದೇನೆ.

ಮುಂದೆ ಓದಲಿಲ್ಲ. ಅವರ ಕೈಗಿಟ್ಟೆ,
ಕೆಳಗೆ ಹೋಗುವ ಗುಂಡಿ ತೋರಿಸಿದೆ.
ಒಂದೊಂದೇ ಒತ್ತಿದರು. ಓಣಿಯಲ್ಲಿ ನೀಲಿ ಬಜಾಜ್‌ಗಳು
ಜಗಳವಾಡಿಕೊಂಡು ಹೋದವು. ತುಂಬ ಹೊತ್ತು.
ಟೋಪಿ ತೆಗೆದರು. ಮತ್ತೆ ಇಟ್ಟುಕೊಂಡರು.

ದೊಡ್ಡ ಫೋನನ್ನು ಕರವಸ್ತ್ರದಲ್ಲಿ ಸುತ್ತುತ್ತ ಅಂದರು:
"ಇದು ಹೀಗೇ ಇರಲಿ.
ಇದಕ್ಕೆ ಓದು ಬಂತೆಂದು ತಿಳಿದರೆ
ಅವಳು ಬರೆಯುವುದಿಲ್ಲ."

ಆಮೇಲೆ ಮಿಫ್ತಾನ ಕಡೆ ತಿರುಗಿ,
ಕೈಯಲ್ಲಿದ್ದ ಗುಂಡಿ ಫೋನು ಕೊಡದೆ,
"ಇದಕ್ಕೆಷ್ಟು?"