ಒಂದು ಕವಡಿ ಕಮ್ಮಿ

ತಾಳಿಕೋಟಿಯೊಳಗ ಹಿಮ ಬಿದ್ದದ್ದು ಒಂದೇ ಸಲ.
ಪೇಪರದಾಗ ಬರಲಿಲ್ಲ. ನಾ ನೋಡೀನಿ.

ಎಳ್ಳಮಾಸಿಗೆ ಇನ್ನೂ ಎಂಟು ದಿನ.
ಡೋಣಿ ಕಡಿಂದ ಬಂದ ಗಾಳಿ
ಕದದ ಸಂದಿಗೆ ಬಾಯಿ ಹಚ್ಚಿ ಸೀಟಿ ಊದತಿತ್ತು.
ಕೊಡದ ನೀರು ಬೆರಳು ಕಡೀತಿತ್ತು.
ಗಾದಿ ತುಂಬೋ ನಮಗ ಅದs ಸುಗ್ಗಿ.
ಊರು ನಡುಗಿದರ ನಮ್ಮ ಒಲಿ ಉರೀತದ
ಅಂತಿದ್ದ ಅಪ್ಪ,
ಮೀಸಿ ತುಂಬ ಹತ್ತಿ.

ಅವತ್ತು ಸಂಜಿಗೆ ಬಂದ ಮೈಬೂಬ ಕಾಕಾ.
ಇಂಡಿ ತಾಲೂಕಿನ ನಿಂಬಿಕಾಯಿ ಹೇರಿಕೊಂಡು
ಜಮ್ಮು ದಾಟಿ ಹೋದ ಲಾರಿ
ಘಾಟಿನ್ಯಾಗ ಸಿಕ್ಕು ಮೂರು ದಿನ ನಿಂತಿತ್ತಂತ.
"ನಿಂಬಿಕಾಯಿ ಕಲ್ಲಾದವು. ನಾನೂ ಆಗತಿದ್ದೆ.
ಅಲ್ಲಿ ಹುಡುಗೂರು ಬಂದು ಎಳಕೊಂಡು ಹೋಗಿ
ಹಲಗಿ ಮ್ಯಾಲೆ ಕುಂಡ್ರಿಸಿ
ದಿನ್ನಿ ತುದಿಯಿಂದ ಒಂದು ನೂಕು!
ಮೂವತ್ತೆಂಟು ವರ್ಷದಾಂವ ನಾ
ಯವ್ವಾ ಅಂತ ಚೀರಿದೆ.
ಕೆಳಗ ಮುಟ್ಟಿದ ಮ್ಯಾಲೆ
ಇನ್ನೊಮ್ಮೆ ನೂಕರಿ ಅಂದೆ."

ಆ ಊರ ಚಾ ಕುಡಸ್ತೀನಿ ಅಂತ
ತಾನs ಒಲಿ ಮುಂದ ಕುಂತ.
ಚಿಟಿಕಿ ಸೋಡಾ, ಚಿಟಿಕಿ ಉಪ್ಪು.
ಅಲ್ಲಿ ಗುಲಾಬಿ ಆಗೋ ಚಾ
ನಮ್ಮ ಬೋಗಾಣಿಯೊಳಗ ಎರಿಮಣ್ಣಿನ ಬಣ್ಣಕ್ಕ ತಿರುಗಿತು.
ಆಯಿ ಒಂದು ಗುಟುಕು ಬಾಯಾಗ ಇಟಗೊಂಡು
ನುಂಗಲೂ ಆಗದ, ಉಗುಳಲೂ ಆಗದ
ಭಾಳ ಹೊತ್ತಿನ ಮ್ಯಾಲೆ ಕೇಳಿದಳು:
"ಆ ಊರಾಗ ಸಕ್ರಿ ತುಟ್ಟಿ ಏನಪಾ?"
ಅವ್ವ ಮಾತಾಡದ
ಅಲ್ಲ ಜಜ್ಜಿ, ಬೆಲ್ಲ ಹಾಕಿ
ಬ್ಯಾರೆ ಚಾ ಇಟ್ಟಳು.

ಎರಡನೇ ಚಾ ಬರೂದ್ರಾಗ ಕರೆಂಟು ಹೋತು.
ಪಿಂಜೋ ಮಷೀನು ಗೊರ್ ಅಂದು ಸತ್ತಿತು.
ಮುಂಜಾನೆ ಗಾದಿ ಕೊಡಬೇಕು,
ಮುದ್ದೇಬಿಹಾಳದ ಮದುವಿ ಮನಿಗೆ.
ಅಪ್ಪ ಗೋಡಿ ಮ್ಯಾಲಿನ ಮುತ್ಯಾನ ಬಿಲ್ಲು ಇಳಿಸಿದ.

ಟೈಂಯ್.
ತಂತಿ ಮಿಡಿದಾಗೊಮ್ಮೆ ಹತ್ತಿ ಎದ್ದು
ಕಂದೀಲ ಬೆಳಕಿನ್ಯಾಗ
ಅವಸರ ಇಲ್ಲದ ಇಳೀತಿತ್ತು:
ಆಯಿ ಸೆರಗಿನ ಮ್ಯಾಲೆ, ಚಾದ ಕಪ್ಪಿನ್ಯಾಗ,
ನೆಲದ ಮ್ಯಾಲೆ ಸುಣ್ಣದಲೇ ಬರೆದ
ಚೌಕಾಬಾರದ ಇಪ್ಪತ್ತೈದು ಮನಿಯೊಳಗ.
ಮಾತಿನ ಮಲ್ಲ ನಮ್ಮ ಕಾಕಾ
ಬಾಯಿ ಮುಚ್ಚಿ ನೋಡಿಕೋತ ಕುಂತ.
"ಹಿಂಗs ಬೀಳತದ," ಅಂದ ಕಡೀಕ,
"ಬರೇ, ಸಪ್ಪಳ ಇರಂಗಿಲ್ಲ."

ಆಮ್ಯಾಲೆ ಎದ್ದ.
ಚೀಲ ಏರಿಸೋ ಹಲಗಿ ಮಂಚಕ್ಕ ಆನಿಸಿದ,
ಕೆಳಗ ಹತ್ತಿ ರಾಶಿ.
ಅವ್ವನ ಪರಾತದಾಗ ಕುಂತು
ಮೊದಲ ಜಾರಿದಾಂವ ತಮ್ಮ ಲಾಡ್ಲೇಮಶಾಕ,
ರಾಶಿಯೊಳಗ ಮುಳುಗಿ ಬರೇ ಕುಲಾಯಿ ಕಂಡಿತು.
ಆಮ್ಯಾಲೆ ನಾನು. ಮತ್ತ ನಾನು.
"ಮಂದಿ ಹತ್ತಿ, ಹೊಲಸ ಆಗತದ," ಅಂದ ಅಪ್ಪ.
ಅಂದು, ಬಿಲ್ಲು ಬದಿಗಿಟ್ಟು,
ಧೋತರ ಎತ್ತಿ ಕಟ್ಟಿ, ತಾನೂ ಜಾರಿದ.
ಪರಾತ ತಿರುಗಿ
ಚೌಕಾಬಾರದ ನಡುವs ಬಂದು ನಿಂತಿತು.
ಅವ್ವ ಸೆರಗು ಬಾಯಾಗ ತುರುಕಿಕೊಂಡಿದ್ದಳು.
ಅವಳು ನಗೂದು ನನಗ
ಹೆಗಲ ಮ್ಯಾಲೆ ಕಂಡಿತು.

"ನನ್ನ ಆಟ!" ಅಂತ ಆಯಿ ಚೀರಿದಳು.
ಒಂದs ಕಾಯಿ ಉಳಿದಿತ್ತಂತ ಹಣ್ಣಾಗಲಿಕ್ಕೆ,
ಚೌಕ ಬಿದ್ದರ ಮುಗೀತಂತ.
ಹುಡುಕಿದರ ಮೂರs ಕವಡಿ.
ಕಂದೀಲ ಹಿಡಿದು ನಡುರಾತ್ರಿ ತನಕ
ಹತ್ತಿಯೊಳಗ ಕೈ ಆಡಿಸಿದ್ವಿ,
ಬೆಚ್ಚಗಿತ್ತು, ನಾ ಅಲ್ಲೇ ಮಲಗಿಬಿಟ್ಟೆ.

ಮುಂಜಾನೆ ಎದ್ದಾಗ ಹಿಮ ಇರಲಿಲ್ಲ.
ಗಾದಿ ಹೊಲದು ಟಂಟಂ ಹತ್ತಿತ್ತು.
ಕಾಕಾನ ಲಾರಿನೂ ಹೋಗಿತ್ತು,
ಈ ಸಲ ಒಣದ್ರಾಕ್ಷಿ, ಸೊಲ್ಲಾಪುರದ ತನಕ ಅಷ್ಟs.

ಅವತ್ತಿಂದ ನಮ್ಮ ಮನಿಯೊಳಗ
ಮೂರು ಕವಡಿ, ಒಂದು ಹುಣಸಿ ಬೀಜ,
ಒಂದು ಮಗ್ಗಲು ಕಲ್ಲಿಗೆ ತಿಕ್ಕಿ ಬೆಳ್ಳಗ ಮಾಡಿದ್ದು.
ಮುದ್ದೇಬಿಹಾಳದಾಗ ಯಾರೋ
ಥಂಡಿ ರಾತ್ರಿ ಮಗ್ಗಲು ಹೊರಳಿದಾಗ
ಬೆನ್ನಿಗೆ ಏನೋ ಒತ್ತತಿರಬೇಕು.

ಆಯಿ ಇನ್ನೂ ಒಪ್ಪಂಗಿಲ್ಲ.
"ಆ ಗಾದಿ ಬಿಚ್ಚಿ ನೋಡರಿ," ಅಂತಾಳ,
"ಕವಡಿ ಮಕಾಡೆ ಬಿದ್ದಿದ್ದರ ಬಿಟ್ಟೆ.
ಅಂಗಾತ ಬಿದ್ದಿದ್ದರ
ಆಟ ನಂದು."