ಮಡಕೆ ಕುದಿಯುವಷ್ಟು ದೂರ

ಯಾಕುತ್ಸ್ಕ್ ಬಿಡುವುದು ಎಂಟು ಹತ್ತಕ್ಕೆ,
ಮಾಸ್ಕೋ ಮುಟ್ಟುವುದು ಎಂಟು ಐವತ್ತಕ್ಕೆ.
"ನಲವತ್ತೇ ನಿಮಿಷ ಕಣೇ" ಅಂದಳು ಅಕ್ಕ ಫೋನಿನಲ್ಲಿ,
ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು.
"ಬರುವಾಗ ಮೀನು ತಾ."

ಸಂತೆಯಲ್ಲಿ ಮೀನುಗಳು ಸೌದೆಯ ಹಾಗೆ ನಿಂತಿರುತ್ತವೆ.
ಮೈನಸ್ ನಲವತ್ತೇಳು.
ಒಂದಕ್ಕೊಂದು ಬಡಿದು ನಾಲ್ಕು ಚಿರ್ ಆರಿಸಿದೆ;
ಠಣ್ ಅಂದರೆ ಒಳ್ಳೆಯ ಮಾಲು.
ಪತ್ರಿಕೆ ಸುತ್ತಿ, ಕಂಬಳಿ ಸುತ್ತಿ,
ಮೇಲೆ ಸತ್ತ ಗಂಡನ ಕೋಟು.
ಎಷ್ಟು ದೂರ, ಕೇಳಿದಳು ಮಾರುವ ಮುದುಕಿ ಅಕುಲೀನಾ.
ನಾಲ್ಕು ಸಾವಿರದ ಎಂಟುನೂರ ಎಂಬತ್ತು ಕಿಲೋಮೀಟರು ಅಂದೆ.
ಕೈಗವಸಿನೊಳಗೇ ಬೆರಳು ಮಡಿಚಿ ಲೆಕ್ಕ ಹಾಕಿದಳು:
"ನಾನೂರ ಎಂಬತ್ತೆಂಟು ಕ್ಯೋಸ್. ಬುತ್ತಿ ಕಟ್ಟಿಕೋ."

ಕ್ಯೋಸ್ ಅಂದರೆ ಅಪ್ಪನ ಕಾಲದ ಅಳತೆ.
ಒಲೆಯ ಮೇಲೆ ಮಾಂಸದ ಮಡಕೆ ಇಟ್ಟು ಹೊರಟವನು
ಅದು ಬೇಯುವ ಹೊತ್ತಿಗೆ ಎಲ್ಲಿ ಮುಟ್ಟುತ್ತಾನೋ
ಅಲ್ಲಿಯ ತನಕದ ದಾರಿ.
ಎತ್ತು ಹತ್ತಿದವನಿಗೆ ಒಂದು, ನಡೆಯುವವನಿಗೆ ಇನ್ನೊಂದು,
ಹಸಿದವನಿಗೆ ಬೇರೆಯೇ ಅಂತ ಅಪ್ಪ ನಗುತ್ತಿದ್ದ.

ವಿಮಾನದಲ್ಲಿ ಒಂದೇ ಊಟ. ಕೋಳಿಯೋ, ಪಾಸ್ತಾವೋ.
ಎಡಗಡೆಯ ಕಿಟಕಿ ನನ್ನದು. ರೆಕ್ಕೆಯ ಹಿಂದೆ ಕೆಂಪು ಗೆರೆ,
ಬೆರಳು ಕೊಯ್ದು ರಕ್ತ ಇನ್ನೂ ಜಿನುಗದ ಹಾಗೆ.
ಇನ್ನೇನು ಬೆಳಗಾಯಿತು ಅಂದುಕೊಂಡೆ.
ನಿದ್ದೆ ಹೋದೆ, ಎದ್ದೆ. ಅದೇ ಗೆರೆ.
ಕೆಳಗೆ ಯಾವುದೋ ನದಿ, ಲೇನಾ ಅಲ್ಲ, ಒಂದು ದೀಪವಿಲ್ಲ.
ತಟ್ಟೆ ತೆಗೆದರು. ಅದೇ ಗೆರೆ.
ಪಕ್ಕದ ಹುಡುಗ, ವಜ್ರದ ಗಣಿಯವನು, ತಿಳಿಸಿ ಹೇಳಿದ:
ನಾವು ಪಡುವಣಕ್ಕೆ ಓಡುವಷ್ಟೇ ಜೋರಾಗಿ
ಭೂಮಿ ಮೂಡಣಕ್ಕೆ ತಿರುಗುತ್ತಿದೆ,
ಅದಕ್ಕೇ ಸೂರ್ಯ ಏಳುತ್ತಿಲ್ಲ, ಅಜ್ಜಿ.
ಐವತ್ತೆಂಟು ನನಗೆ. ಅಜ್ಜಿಯಂತೆ.
ಹಿಂದಿನ ಸಾಲಿನ ಕೂಸಿಗೆ ಮೂರು ಸಲ ಬಟ್ಟೆ ಬದಲಿಸಿದರು;
ಅದರ ಗಡಿಯಾರವನ್ನು ಯಾರೂ ನಿಲ್ಲಿಸಲಾಗಲಿಲ್ಲ.

ನಾವು ಮಾತು ಬಿಟ್ಟದ್ದು ಒಂದು ದೋಣಿಗಾಗಿ.
ಅಪ್ಪನ ದೋಣಿ, ಮೋಟಾರು ಕೆಟ್ಟದ್ದು, ಅಂಗಳದಲ್ಲಿ ಮಗುಚಿ ಬಿದ್ದದ್ದು.
ನಾನು ಮಾರಿದೆ. ಅವಳನ್ನು ಕೇಳಲಿಲ್ಲ.
ಅಷ್ಟೇ.

ಮಾಸ್ಕೋದಲ್ಲಿ ಮೈನಸ್ ಮೂರು, ಹಸಿ ಚಳಿ.
ಮೆಟ್ರೋದ ಸೆಕೆಗೆ ಚೀಲ ಬೆವರಿತು.
ನಲವತ್ತು ನಿಮಿಷ ಅನ್ನುವುದನ್ನು ಮೀನು ನಂಬಲಿಲ್ಲ:
ತಡೆದಿಟ್ಟ ಹೊತ್ತೆಲ್ಲ ಕೋಟಿನ ತೋಳಿನಿಂದ
ತೊಟ್ಟು ತೊಟ್ಟು ಇಳಿಯತೊಡಗಿತು.
ಎದುರು ಕೂತವಳು ಬೂಟು ಹಿಂದಕ್ಕೆಳೆದುಕೊಂಡಳು.

ಬಾಗಿಲು ತೆಗೆದ ಅಕ್ಕ
ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ,
"ನಲವತ್ತು ನಿಮಿಷಕ್ಕೆ ಇಷ್ಟು ಮುಪ್ಪೇ!" ಅಂದಳು.
ಅವಳೂ ಕುಗ್ಗಿದ್ದಳು. ಟ್ರಾಮ್ ಓಡಿಸಿದ ಆ ಕೈ
ಚೀಲ ಇಸಿದುಕೊಂಡಾಗ ಸಣ್ಣಗೆ ನಡುಗಿತು.

ಕುದುರೆ ಮಾಂಸದ ಮಡಕೆ ಒಲೆಗೇರಿತು.
ಎರಡು ಕುರ್ಚಿ, ನಡುವೆ ಹೂವಿನ ಹಾಸಿನ ಮೇಜು.
ಯಾರೂ ಮಾತಾಡಲಿಲ್ಲ.
ನಾನು ಕೂತಲ್ಲಿಂದಲೇ ನಡೆಯುತ್ತಿದ್ದೆ,
ಮೇಜಿನ ಆ ತುದಿಗೆ, ಎತ್ತೂ ಇಲ್ಲದೆ.
ಮುಚ್ಚಳ ಅಲುಗಿತು. ಕಿಟಕಿ ಮಂಜಾಯಿತು.
ಈಗ ಬೆಳಕು ಬಂತು, ಬೂದಿ ಬಣ್ಣದ್ದು.
ಅಕ್ಕ ಎದ್ದು ನೊರೆ ತೆಗೆಯುತ್ತ,
ಬೆನ್ನು ತಿರುಗಿಸಿಯೇ ಕೇಳಿದಳು:
"ಆ ದೋಣಿ ಎಷ್ಟಕ್ಕೆ ಹೋಯ್ತು?"